ಸೊನ್ನೆ ಲೀಟರ್

12 ಜೂನ್ 2023
ಇಂಧನ ವಿಭಾಗ, ವಿಶ್ವವಿದ್ಯಾಲಯ

ಮಾಬ್ಲ,

ಕ್ಷೇಮವೇ ಎಂದು ಕೇಳುವುದು ಕ್ರಮ. ಕೇಳಿದ್ದೇನೆ ಎಂದುಕೋ.

ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಬೀಜ ಕೇಂದ್ರದ ಮೊಬೈಲಿಗೆ ಬರೆದು ಕಳಿಸಿದರೆ ಅದು ಎಲ್ಲರ ಕೈಯಲ್ಲೂ ಓಡಾಡುತ್ತದೆ. ನಿನ್ನ ಕಿವಿ ಹೋಗಿರುವುದು ಹೊಳನಗದ್ದೆಯಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿಯ ಕಡತಕ್ಕೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನು ನಾನು. ನೀನು ನಿವೃತ್ತನಾಗುವವರೆಗೆ, ಇನ್ನೆರಡು ವರ್ಷ, ಹಾಗೇ ಇರಲಿ. ಆದ್ದರಿಂದ ಅಂಚೆ.

ವಿಷಯ ಇಷ್ಟು. 2030ರ ಹೊತ್ತಿಗೆ ಈ ವಿಶ್ವವಿದ್ಯಾಲಯ ಗಾಳಿಗೆ ಬಿಡುವ ಇಂಗಾಲವನ್ನು ಸೊನ್ನೆಗೆ ಇಳಿಸುತ್ತೇವೆಂದು ಕುಲಪತಿಗಳು ವೇದಿಕೆಯ ಮೇಲೆ ಹೇಳಿಬಿಟ್ಟರು. ಹೇಗೆ ಎಂದು ಬರೆದುಕೊಡುವ ಕೆಲಸ ನನಗೆ ಬಂತು. ಹದಿನೇಳು ಕೆಲಸಗಳ ಪಟ್ಟಿ ಮಾಡಿದ್ದೇನೆ. ಪ್ರತಿ ಕಟ್ಟಡಕ್ಕೂ ಬೇರೆ ಮೀಟರು, ಹಾಸ್ಟೆಲುಗಳ ಸೌದೆ ಬಾಯ್ಲರಿನ ಬದಲು ಸೌರ ಬಿಸಿನೀರು, ಅಡಿಗೆಮನೆಯ ಮುಸುರೆಯಿಂದ ಗ್ಯಾಸು, ಬ್ಯಾಟರಿ ಬಸ್ಸು, ಸಭಾಂಗಣದ ಎ.ಸಿ. ಇಪ್ಪತ್ತಾರು ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ ಬೀಗ, ಇತ್ಯಾದಿ. ಹದಿನೇಳನೆಯದು ನಿಮ್ಮ ಬೀಜ ಕೇಂದ್ರ. ಒಂದು ಶೀತಲ ಕೋಣೆ, ಒಂದು ಜನರೇಟರು, ವರ್ಷದ ಎಂಟು ತಿಂಗಳು ಬಿಸಿಲು. ಚಿಕ್ಕದು, ಆದ್ದರಿಂದ ಆಗಬಹುದಾದದ್ದು.

ತಿಂಗಳಿಗೆ ಎಷ್ಟು ಲೀಟರ್ ಡೀಸೆಲ್ ಸುಡುತ್ತಿದ್ದೀ ಎಂಬುದನ್ನು ನಿನ್ನ ಲಾಗ್‌ಬುಕ್ಕಿನಿಂದ ಬರೆದು ಕಳಿಸು. ಇಡೀ ಸಂಸ್ಥೆಯಲ್ಲಿ ನಾನು ನಂಬುವ ಲಾಗ್‌ಬುಕ್ಕು ಅದೊಂದೇ.

ಕೃಷ್ಣಾನಂದ


3 ಜುಲೈ 2023
ಹೊಳನಗದ್ದೆ, ಕುಮಟಾ

ಕೃಷ್ಣಾನಂದ ಸಾಹೇಬರಿಗೆ ಮಾಬ್ಲನ ನಮಸ್ಕಾರ.

ಏಪ್ರಿಲ್ 22 ಲೀಟರ್. ಮೇ 29. ಜೂನ್ 38. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೆಚ್ಚು, ಅದಕ್ಕೆ ಜಾಸ್ತಿ.

ಅಲ್ಲಿ ನಾನು ಮೊದಲು ಕೆಲಸ ಮಾಡಿದ ದೊಡ್ಡ ಪವರ್‌ಹೌಸಿನ ಆ ಮೆಷಿನ್ನಿನ ಮುಂದೆ ಈ ಜನರೇಟರು ಮೇಕೆಮರಿ. ನನಗೆ ಇದರ ಸದ್ದು ಇಲ್ಲ. ಅಂಗೈ ಇಟ್ಟರೆ ತಿಳಿಯುತ್ತದೆ. ಶೀತಲ ಕೋಣೆಯ ಬಾಗಿಲಿಗೂ ಹಾಗೆಯೇ. ದಿನಕ್ಕೆ ನಾಲ್ಕು ಸಲ ಬಾಗಿಲ ಮೇಲೆ ಕೈ ಇಡುತ್ತೇನೆ. ಒಳಗೆ ಯಂತ್ರ ತಿರುಗುತ್ತಿದ್ದರೆ ಬಾಗಿಲು ಸಣ್ಣಗೆ ನಡುಗುತ್ತದೆ. ನಡುಗದಿದ್ದರೆ ಜನರೇಟರು ಹಾಕುತ್ತೇನೆ.

ಒಳಗೆ ಇರುವ ಬೀಜ ನಮ್ಮೂರಿನದೇ. ನಿಮಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಹೊಳೆಯ ಉಪ್ಪುನೀರು ಏರುವ ಗದ್ದೆಗೆ ನಾವು ಗಜನಿ ಎನ್ನುತ್ತೇವೆ. ಅಲ್ಲಿ ಕಗ್ಗ ಭತ್ತ ಒಂದೇ ಬದುಕುವುದು. 2021ರಲ್ಲಿ ಗಜನಿಯ ಒಡ್ಡು ಒಡೆದು ಹೋಯಿತು. ಅಂದಿನಿಂದ ಬೆಳೆ ಇಲ್ಲ. ಬೀಜ ಎಷ್ಟು ದಿನ ಮನೆಯಲ್ಲಿ ಉಳಿದೀತು. ನನ್ನ ಅಕ್ಕ ಮಂಜಿ ಹನ್ನೊಂದು ಮನೆಯವರನ್ನು ಒಪ್ಪಿಸಿ ಹುಲ್ಲು ಸುತ್ತಿ ಕಟ್ಟಿದ ಬೀಜದ ಮುಡಿಗಳನ್ನು ಹೊರಿಸಿಕೊಂಡು ಬಂದಳು. ಕೇಂದ್ರದ ಮೇಡಮ್ ಮುಡಿಯ ಹುಲ್ಲು ಬಿಚ್ಚಿ ಡಬ್ಬಿಗೆ ತುಂಬಬೇಕು ಅಂದರು. ಅಕ್ಕ ಬಿಡಲಿಲ್ಲ. ಮುಡಿ ಬಿಚ್ಚುವುದು ಬಿತ್ತನೆಗೆ ಮಾತ್ರ. ಬಿಚ್ಚಿದ್ದನ್ನು ಮತ್ತೆ ಕಟ್ಟುವಂತಿಲ್ಲ, ಗದ್ದೆಗೇ ಹೋಗಬೇಕು. ಕೊನೆಗೆ ಹುಲ್ಲಿನ ಸಮೇತ ಇಟ್ಟರು.

ಅವತ್ತು ಬಾಗಿಲು ತೆರೆದಾಗ ಅಕ್ಕ ಸೆರಗು ಹೊದ್ದುಕೊಂಡಳು. "ಇದೆಂತ ಮಾರಾಯಾ, ಬೀಜಕ್ಕೂ ಚಳಿ ಬೇಕಾ? ನಡುಗಿ ಸತ್ತೋದ್ರೆ?" ಅಂದಳು. ಅವಳ ತುಟಿ ನನಗೆ ಚೆನ್ನಾಗಿ ಓದಲು ಬರುತ್ತದೆ.

"ಸಾಯೂದಿಲ್ಲ, ನಿದ್ರೆ ಮಾಡ್ತದೆ" ಅಂದೆ.

"ನಿನ್ನ ಹಾಂಗೆ? ಕೂಗಿದ್ರೂ ಏಳೂದಿಲ್ಲ?" ಅಂದಳು.

ಮಾಬ್ಲ


20 ನವೆಂಬರ್ 2023

ಮಾಬ್ಲ,

ಸೌರ ಘಟಕದ ಉದ್ಘಾಟನೆಗೆ ಬಂದರೂ ನಿನ್ನ ಜೊತೆ ನಾಲ್ಕು ಮಾತಾಡಲಾಗಲಿಲ್ಲ. ಅತಿಥಿಗಳ ಕಾರು ಗೋಕರ್ಣಕ್ಕೆ ಹೊರಟಿತ್ತು, ನಾನೂ ಅದರೊಳಗೆ ಇರಬೇಕಾಗಿತ್ತು. ಪತ್ರಿಕೆಯ ಫೋಟೋದಲ್ಲಿ ಬಲಗಡೆಯ ಅಂಚಿನಲ್ಲಿ ಬಾಗಿಲ ಮೇಲೆ ಒಂದು ಕೈ ಇದೆ. ಅದು ನಿನ್ನದು. ಉಳಿದ ನಿನ್ನನ್ನು ಕತ್ತರಿಸಿದ್ದಾರೆ.

ಮಾಡಿನ ಮೇಲಿನ ಸೌರ ಫಲಕಗಳು ಕೋಣೆಗೂ ಬ್ಯಾಟರಿಗೂ ಸಾಕು. ಬ್ಯಾಟರಿಯ ಸಾಮರ್ಥ್ಯವನ್ನೂ ಲೆಕ್ಕ ಹಾಕಿಯೇ ಇಟ್ಟಿದೆ. ಇನ್ನು ನಿನ್ನ ಮೇಕೆಮರಿಗೆ ಕೆಲಸ ಕಡಿಮೆ. ಲಾಗ್‌ಬುಕ್ಕು ಮಾತ್ರ ನಿಲ್ಲಿಸಬೇಡ. ಸೊನ್ನೆಯನ್ನೂ ಬರೆಯಬೇಕು. ನಮಗೆ ಬೇಕಾದದ್ದು ಆ ಸೊನ್ನೆಯೇ.

ಕೃಷ್ಣಾನಂದ


2 ಜನವರಿ 2024

ಸಾಹೇಬರಿಗೆ ನಮಸ್ಕಾರ.

ಡಿಸೆಂಬರ್ ಸೊನ್ನೆ.

ಅಕ್ಕ ನೋಡಲು ಬಂದಿದ್ದಳು. ಫಲಕಗಳ ಕೆಳಗೆ ನಿಂತು, "ಬಿಸಿಲು ತಕಂಡು ಚಳಿ ಮಾಡೂದಾ? ಒಳ್ಳೆ ಕಳ್ಳಾಟ ಇದು" ಅಂದಳು. ಅವಳಿಗೆ ಸಂತೋಷವಾಗಿದೆ. ನನಗೂ. ಬಾಗಿಲು ದಿನವಿಡೀ ನಡುಗುತ್ತದೆ.

ಫಲಕಗಳ ಕಬ್ಬಿಣದ ಕಾಲುಗಳಿಗೆ ಈಗಲೇ ತುಕ್ಕಿನ ಚುಕ್ಕೆ ಬಂದಿದೆ. ಕಡಲ ಗಾಳಿ. ಎಣ್ಣೆ ಒರೆಸುತ್ತಿದ್ದೇನೆ.

ಮಾಬ್ಲ


6 ಜುಲೈ 2024

ಮಾಬ್ಲ,

ಜೂನಿನ ಲೆಕ್ಕ ಬಂದಿಲ್ಲ.

ಇಲ್ಲಿಯದು ಹೇಳುತ್ತೇನೆ. ಪಟ್ಟಿಯ ಹದಿನಾರು ಕೆಲಸಗಳು ಹಿಂದಕ್ಕೆ ಬಂದವು. ಬಾಯ್ಲರಿನ ಗುತ್ತಿಗೆ ಇನ್ನೂ ನಾಲ್ಕು ವರ್ಷ ಇದೆಯಂತೆ. ಪ್ರತಿ ಕಟ್ಟಡಕ್ಕೆ ಮೀಟರು ಹಾಕಿದರೆ ಯಾವ ವಿಭಾಗ ಎಷ್ಟು ಸುಡುತ್ತದೆ ಎಂದು ಗೊತ್ತಾಗಿ ಮನಸ್ತಾಪಗಳು ಹುಟ್ಟುತ್ತವಂತೆ. ಸಭಾಂಗಣದ ವಿಷಯ ಓದುವಾಗ ಹದಿನೆಂಟು ಡಿಗ್ರಿಯ ಆ ಸಭಾಂಗಣದಲ್ಲೇ ಕೂತಿದ್ದೆವು. ನನ್ನ ಪಕ್ಕದ ಡೀನ್ ಶಾಲು ಹೊದ್ದಿದ್ದರು. ಯಾರೂ ನಗಲಿಲ್ಲ, ಆದ್ದರಿಂದ ಅದು ತಮಾಷೆ ಅಲ್ಲ ಎಂದು ತಿಳಿದುಕೊಂಡೆ.

ಹಾಗಾಗಿ ಆದದ್ದು ಹದಿನೇಳನೆಯದು ಒಂದೇ. ನಿನ್ನ ಸೊನ್ನೆಯನ್ನು ಹಿಡಿದುಕೊಂಡೇ ಉಳಿದ ಹದಿನಾರಕ್ಕೆ ಮತ್ತೆ ಬಾಗಿಲು ತಟ್ಟಬೇಕು. ಅದೂ ಕೈತಪ್ಪಿದರೆ ವಿಭಾಗವನ್ನೇ ಮುಚ್ಚುತ್ತಾರೆ. ಇದನ್ನು ನಿನಗೆ ಒತ್ತಡವಾಗಲಿ ಎಂದು ಬರೆದದ್ದಲ್ಲ.

ಕೃಷ್ಣಾನಂದ


21 ಜುಲೈ 2024

ಸಾಹೇಬರಿಗೆ ನಮಸ್ಕಾರ.

ಜೂನ್ ಸೊನ್ನೆ. ಜುಲೈ ಇಲ್ಲಿಯವರೆಗೆ ಸೊನ್ನೆ.

ಒಂಬತ್ತು ದಿನ ಸೂರ್ಯ ಕಾಣಲಿಲ್ಲ. ಬಾಡ ಊರಿನ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಇರಲಿಲ್ಲ. ಬೀಜ ಚೆನ್ನಾಗಿದೆ. ಅದಕ್ಕೆ ಏನೂ ಆಗಲು ನಾನು ಬಿಟ್ಟಿಲ್ಲ, ನಿಮಗೂ ಏನೂ ಆಗಲು ಬಿಡುವುದಿಲ್ಲ. ಕಿವಿ ಹೋದವನನ್ನು ಮನೆಗೆ ಕಳಿಸದೆ ನನ್ನ ಊರಿಗೇ ಕೆಲಸ ಹಾಕಿಸಿಕೊಟ್ಟವರು ನೀವು.

ನನ್ನ ಅಂಗಿಗೆ ಡೀಸೆಲ್ ವಾಸನೆ ಬರುತ್ತದೆ ಎಂದು ಹೆಂಡತಿ ಸರೋಜಾ ದಿನವೂ ಹೇಳುತ್ತಾಳೆ. ಮೂವತ್ತು ವರ್ಷದ ವಾಸನೆ, ಒಗೆದರೆ ಹೋಗುವುದಿಲ್ಲ ಅಂದೆ.

ಮಾಬ್ಲ


18 ಅಕ್ಟೋಬರ್ 2024

ಮಾಬ್ಲ,

ಹತ್ತು ತಿಂಗಳು, ಹತ್ತು ಸೊನ್ನೆ. ಇಡೀ ಮಳೆಗಾಲ ದಾಟಿದೆ ಎಂಬುದನ್ನು ನೋಡಿ ಸಮಿತಿಯವರು ಮೊದಲ ಬಾರಿಗೆ ನನ್ನ ಕಾಗದವನ್ನು ಎರಡು ಸಲ ಓದಿದರು. ಒಬ್ಬರು ಕೇಳಿದರು, ಹಾಗಾದರೆ ಆ ಜನರೇಟರು ಇನ್ನೂ ಅಲ್ಲಿ ಏಕೆ ನಿಂತಿದೆ? ಪ್ರಶ್ನೆ ಸರಿಯಾಗಿತ್ತು. ಅದು ಇರುವವರೆಗೆ ಕೇಂದ್ರಕ್ಕೆ ಹೊಗೆಯಿಲ್ಲದ ಘಟಕ ಎಂಬ ಪ್ರಮಾಣಪತ್ರ ಸಿಗುವುದಿಲ್ಲ. ಮುಂದಿನ ತಿಂಗಳು ಹರಾಜಿಗೆ ಹಾಕುತ್ತಾರೆ.

ನಿನಗೆ ಇದು ಹೇಗೆ ಅನ್ನಿಸುತ್ತದೆ ಎಂದು ಊಹಿಸಬಲ್ಲೆ.

ಕೃಷ್ಣಾನಂದ


30 ಅಕ್ಟೋಬರ್ 2024

ಸಾಹೇಬರಿಗೆ ನಮಸ್ಕಾರ.

ಜನರೇಟರು ಇನ್ನೊಂದು ಮಳೆಗಾಲ ಇರಲಿ. ಮುಂದಿನ ಜುಲೈ ಕೊನೆಗೆ ನಾನು ನಿವೃತ್ತ. ಆಮೇಲೆ ಒಯ್ಯಲಿ. ಮೂಲೆಯಲ್ಲಿ ಗೋಣಿ ಮುಚ್ಚಿಡುತ್ತೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಎಂದು ಕೇಳಬೇಡಿ. ಇದುವರೆಗೆ ನಿಮ್ಮಲ್ಲಿ ನಾನು ಏನನ್ನೂ ಕೇಳಿಲ್ಲ.

ಮಾಬ್ಲ


21 ನವೆಂಬರ್ 2024

ಮಾಬ್ಲ,

ನಿನ್ನ ಪತ್ರವನ್ನು ಒಂದು ವಾರ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಯಂತ್ರದ ಜೊತೆ ಮೂವತ್ತು ವರ್ಷ ಬದುಕಿದವನಿಗೆ ಅದು ಯಂತ್ರವಾಗಿ ಉಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಅದೇ ಜಾತಿಯದು ನಿನ್ನಿಂದ ಏನು ಕಿತ್ತುಕೊಂಡಿತು ಎಂಬುದನ್ನು ನಾನು ಮರೆಯಲಾರೆ. ನಿಜ ಹೇಳಬೇಕೆಂದರೆ ಈ ಹದಿನೇಳು ಕೆಲಸಗಳ ಪಟ್ಟಿಯನ್ನು ನಾನು ಬರೆದದ್ದು ಭೂಮಿಯ ಬಿಸಿಯ ಬಗ್ಗೆ ಯೋಚಿಸುತ್ತಾ ಅಲ್ಲ. ಆ ಮಾತು ಮುಂದೆ ಎಂದಾದರೂ.

ಜನರೇಟರು ಹೋಗಲಿ. ಅದು ನಿನ್ನ ಮುಂದಿಲ್ಲದಿದ್ದರೆ ನನಗೆ ನೆಮ್ಮದಿ.

ಕೃಷ್ಣಾನಂದ


19 ಜನವರಿ 2025

ಸಾಹೇಬರಿಗೆ ನಮಸ್ಕಾರ.

ಒಯ್ದರು. ನೆಲದಲ್ಲಿ ನಾಲ್ಕು ಬೋಲ್ಟು ಉಳಿದಿವೆ. ಎಡವಬಾರದೆಂದು ಅವುಗಳ ಮೇಲೆ ತೆಂಗಿನ ಚಿಪ್ಪು ಕವುಚಿದ್ದೇನೆ. ಜನವರಿ ಸೊನ್ನೆ ಎಂದು ಈಗಲೇ ಬರೆಯಬಹುದು.

ಗಜನಿಯ ಒಡ್ಡು ಕಟ್ಟುತ್ತಿದ್ದಾರೆ. ನಾಲ್ಕು ವರ್ಷದ ಮೇಲೆ. ಸೀಗಡಿ ಕಂಟ್ರಾಕ್ಟಿನವರು ಹೊಂಚು ಹಾಕಿದ್ದಾರೆ. ಈ ಮಳೆಗೆ ಭತ್ತ ಏಳದಿದ್ದರೆ ಗಜನಿಯನ್ನು ಅವರಿಗೆ ಕೊಡುವುದು ಎಂದು ಊರಿನ ಸಭೆಯಲ್ಲಿ ತೀರ್ಮಾನ ಆಗಿದೆ. ಅಕ್ಕ ಸಭೆಯಲ್ಲಿ ಎದ್ದು ನಿಂತು, "ಬೀಜ ನನ್ನ ತಮ್ಮನ ಹತ್ರ ಅದೆ" ಅಂದಳಂತೆ. ಅದಕ್ಕೇ ಒಂದು ವರ್ಷ ಬಿಟ್ಟರು.

ಮಾಬ್ಲ


25 ಮೇ 2025

ಸಾಹೇಬರಿಗೆ ನಮಸ್ಕಾರ. ನಿಮ್ಮ ಕಾಗದ ಬರದೆ ಆರು ತಿಂಗಳಾಯಿತು. ಪ್ರಮಾಣಪತ್ರದ ಸುದ್ದಿಯನ್ನು ಪೇಪರಿನಲ್ಲಿ ನೋಡಿದೆ. ನಿಮ್ಮ ಫೋಟೋ ಚೆನ್ನಾಗಿದೆ, ಸೊರಗಿದ್ದೀರಿ.

ಅಕ್ಕ ಮೊನ್ನೆ ಹೆಂಗಸರನ್ನು ಕಟ್ಟಿಕೊಂಡು ಮುಡಿ ಒಯ್ಯಲು ಬಂದಿದ್ದಳು. ಗಜನಿಯಲ್ಲಿ ಇನ್ನೂ ಉಪ್ಪು ಇದೆ. ಒಂದು ತಿಂಗಳ ಮಳೆ ತೊಳೆದ ಮೇಲೆಯೇ ಬಿತ್ತನೆ. ಅಲ್ಲಿಯವರೆಗೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಳ್ಳುತ್ತೇನೆ, ಹೊಗೆ ತಾಗಿದರೆ ಹುಳು ಬರುವುದಿಲ್ಲ ಅಂದಳು. ನಾನು ಕೊಡಲಿಲ್ಲ. ನಾಲ್ಕು ವರ್ಷ ಚಳಿಯಲ್ಲಿ ಮಲಗಿದ್ದಕ್ಕೆ ಒಮ್ಮೆಲೇ ಸೆಕೆ ತಾಗಿದರೆ ಆಗದು, ಬಿತ್ತುವ ವಾರ ಒಯ್ಯಿ ಅಂದೆ. ಹೆಂಗಸರು ಗೊಣಗಿದರು.

"ಆತು, ಇರ್ಲಿ. ಅವ ಬಾಗಿಲ ಮೇಲೆ ಕೈ ಇಟ್ಕಂಡೇ ಇರ್ತಾ, ಹೆಂಡ್ತಿ ಮೇಲೂ ಅಷ್ಟ್ ಹೊತ್ತು ಇಟ್ಟವ ಅಲ್ಲ" ಅಂದಳು ಅಕ್ಕ. ಎಲ್ಲರೂ ನಕ್ಕರು. ನಗು ಕೂಡ ನನಗೆ ಕಾಣುವ ವಸ್ತು.

ಮಾಬ್ಲ


2 ಜುಲೈ 2025

ಸಾಹೇಬರಿಗೆ,

ನಮಸ್ಕಾರ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.

ಜೂನ್ ಎಂಟರಿಂದಲೇ ಸೂರ್ಯ ಇರಲಿಲ್ಲ. ಹದಿಮೂರನೇ ತಾರೀಖು ಶುಕ್ರವಾರ ಗಾಳಿಗೆ ಕಂಬಗಳು ಬಿದ್ದವು. ಶನಿವಾರ ಬೆಳಿಗ್ಗೆ ಬಾಗಿಲ ಮೇಲೆ ಕೈ ಇಟ್ಟೆ. ಬಾಗಿಲು ಬರಿಯ ಬಾಗಿಲು. ಅಭ್ಯಾಸದಿಂದ ಜನರೇಟರಿನ ಕೋಣೆಗೆ ಓಡಿದೆ. ತೆಂಗಿನ ಚಿಪ್ಪುಗಳಿದ್ದವು.

ಬಾಡಿಗೆ ಜನರೇಟರಿಗೆ ಕುಮಟಾ ಪೇಟೆಯೆಲ್ಲ ತಿರುಗಿದೆ. ಕರೆಂಟಿಲ್ಲದ ಕಾರಣ ಎಲ್ಲವೂ ಮದುವೆ ಮನೆ, ಆಸ್ಪತ್ರೆಗಳಿಗೆ ಹೋಗಿದ್ದವು. ಆಗ ಐಸ್ ನೆನಪಾಯಿತು. ಇಲ್ಲಿ ನಾವು ಏನನ್ನು ಕೆಡದಂತೆ ಇಡಬೇಕಾದರೂ ಐಸ್. ಸರಕಿನ ರಿಕ್ಷಾದ ದೇವುವನ್ನು ಕರೆದುಕೊಂಡು ಹೊರಟೆ. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿ. ಕುಮಟೆಯಲ್ಲಿ ಐಸ್ ಪ್ಲಾಂಟಿಗೆ ಬೀಗ. ಹೊನ್ನಾವರದಲ್ಲಿ ಬೀಗ. ಭಟ್ಕಳದಲ್ಲಿ ಪ್ಲಾಂಟಿನ ಸಾಹೇಬರೊಬ್ಬರು ತಮ್ಮ ನವಾಯತಿ ಭಾಷೆಯಲ್ಲಿ ಏನೋ ಅಂದರು. ಆ ತುಟಿ ನನಗೆ ಓದಲು ಬರಲಿಲ್ಲ. ಅವರೇ ತಿಳಿದು ಕನ್ನಡದಲ್ಲಿ, "ಬೋಟೇ ಇಲ್ಲ, ಐಸ್ ಯಾರಿಗೆ?" ಅಂದರು. ಬೀಜಕ್ಕೆ ಅಂದೆ. ಮದುವೆಗೆಂದು ಉಳಿಸಿಕೊಂಡಿದ್ದ ಹನ್ನೆರಡು ಗಡ್ಡೆ ಕೊಟ್ಟರು.

ದಾರಿಯುದ್ದಕ್ಕೂ ದೇವು ತಮಾಷೆ ಮಾಡಿದ. "ಮಾಬ್ಲಣ್ಣಾ, ಮೀನಿಲ್ದೇ ಐಸ್ ಎಂತಕ್ಕೆ? ಹೆಣ ಎಲ್ಲಾದ್ರೂ ಇಟ್ಕಂಡಿದ್ಯಾ?"

ಗಡ್ಡೆಗಳನ್ನು ಮುಡಿಗಳ ನಡುವೆ ಇಟ್ಟು ಬಾಗಿಲು ಹಾಕಿದೆ. ಆಗ ದೇವು ಗೋಡೆಯ ಸೌರ ಪೆಟ್ಟಿಗೆಯನ್ನು ತೋರಿಸಿ, "ಅದೆಂತಕ್ಕೆ ಆ ನಮೂನೆ ಕೂಗ್ತದೆ?" ಎಂದು ಕೇಳಿದ. ಅದು ಕೂಗುವ ಪೆಟ್ಟಿಗೆ ಎಂದು ನನಗೆ ಗೊತ್ತಿರಲಿಲ್ಲ.

ಬುಧವಾರ ಕರೆಂಟು ಬಂತು. ಬಾಗಿಲು ನಡುಗಿತು. ಉಳಿಯಿತು ಅಂದುಕೊಂಡೆ. ನೆಲದ ನೀರು ಒರೆಸಿದೆ. ಹುಲ್ಲು ಎಷ್ಟು ನೀರು ಕುಡಿದಿದೆ ಎಂದು ನೋಡಲಿಲ್ಲ. ಮುಡಿ ಬಿಚ್ಚುವಂತಿಲ್ಲವಲ್ಲ.

ಇಪ್ಪತ್ತನಾಲ್ಕಕ್ಕೆ ಅಕ್ಕನ ಅಂಗಳದಲ್ಲಿ ಮುಡಿ ಬಿಚ್ಚಿದರು. ಬೂಸಲಿನ ವಾಸನೆ ನನಗೆ ಮೊದಲು ಬಂತು. ಒಳಗಿನ ಭತ್ತ ಬೆಚ್ಚಗಿತ್ತು. ನೀರಿನಲ್ಲಿ ನೆನೆಸಿ ಮೊಳಕೆಗೆ ಕಟ್ಟಿದರು. ಮೂರನೆಯ ದಿನ ಬಿಚ್ಚಿ ನೋಡಿದರು, ಐದನೆಯ ದಿನ ನೋಡಿದರು. ಒಂಬತ್ತು ಮನೆಯದು ಮುಗಿಯಿತು. ಇನ್ನೆರಡು ಮನೆಯದು ನೀರಿನಲ್ಲಿದೆ.

ಇನ್ನೊಂದು ಬರೆಯಬೇಕು. 2024ರ ಜೂನ್ 31 ಲೀಟರ್. ಜುಲೈ 44. ಆಗಸ್ಟ್ 27. ಪೇಟೆಯಿಂದ ಕ್ಯಾನಿನಲ್ಲಿ ನಾನೇ ತಂದು ಹಾಕಿದ್ದು. ನಿಮಗೆ ಸೊನ್ನೆ ಬೇಕಾಗಿತ್ತು. ನಿಜ ಬರೆದಿದ್ದರೆ ಜನರೇಟರು ಉಳಿಯುತ್ತಿತ್ತು.

ಮಾಬ್ಲ


11 ಜುಲೈ 2025

ಮಾಬ್ಲ,

ಉತ್ತರವನ್ನು ಮೂರು ಸಲ ಬರೆದೆ. ಇದು ನಾಲ್ಕನೆಯದು, ಹಿಂದಿನವುಗಳಿಗಿಂತ ಚಿಕ್ಕದು.

ಮೂರು ದಿನ ಮೋಡವಿದ್ದರೂ ತಡೆಯುವ ಬ್ಯಾಟರಿ ಬೇಕೆಂದು ನಾನು ಕೇಳಿದ್ದೆ. ಒಂದು ದಿನದ್ದು ಕೊಟ್ಟರು. ಅದನ್ನು ನಿನಗೆ ಹೇಳಲಿಲ್ಲ. ಬ್ಯಾಟರಿ ಇಳಿದಾಗ ಪೆಟ್ಟಿಗೆ ಕೂಗುತ್ತದೆ. ಆ ಮಾದರಿಯನ್ನು ಆರಿಸಿ ಸಹಿ ಹಾಕಿದವನು ನಾನು. ದೀಪ ಮಿನುಗುವ ಮಾದರಿಯೂ ಇತ್ತು. ನಿನಗೆ ಕಿವಿ ಕೇಳಿಸದು ಎಂಬುದು ಈ ಸಂಸ್ಥೆಯ ಅಧಿಕಾರಿಗಳಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಸಹಿ ಹಾಕುವಾಗ ಅದು ನೆನಪಿಗೆ ಬರಲಿಲ್ಲ.

ಎಂದಾದರೂ ಹೇಳುತ್ತೇನೆ ಎಂದ ಮಾತು ಇದು. 2009ರಲ್ಲಿ ದೊಡ್ಡ ಪವರ್‌ಹೌಸಿಗೆ ಸದ್ದು ತಡೆಯುವ ಗೋಡೆ ಕಟ್ಟುವ ಕಡತ ನನ್ನ ಮೇಜಿಗೆ ಬಂದಿತ್ತು. ಮುಂದಿನ ವರ್ಷ ನೋಡೋಣ ಎಂದು ಬರೆದೆ. ಐದು ವರ್ಷ ಹಾಗೆಯೇ ಬರೆದೆ. ಆ ಐದು ವರ್ಷದಲ್ಲಿ ನಿನ್ನ ಕಿವಿ ಹೋಯಿತು. ನಾನು ಉಪಕಾರ ಮಾಡಿದೆ ಎಂದು ನೀನು ತಿಳಿದುಕೊಂಡಿದ್ದೀ. ಆ ಉಪಕಾರಕ್ಕಾಗಿ ನೀನು ಸೊನ್ನೆ ಬರೆದೆ.

ನಿನ್ನ ಪತ್ರ ತಲುಪಿದ ದಿನ ವಾರ್ಷಿಕ ವರದಿ ನನ್ನ ಎದುರಿಗೇ ಇತ್ತು. 'ಹೊಳನಗದ್ದೆ ಘಟಕ: ಹತ್ತೊಂಬತ್ತು ತಿಂಗಳಿಂದ ಡೀಸೆಲ್ ಬಳಕೆ ಇಲ್ಲ.' ನಿಜದ ಅಂಕಿ ಬರೆದರೆ ನಿವೃತ್ತಿಗೆ ಇಪ್ಪತ್ತು ದಿನ ಇರುವಾಗ ನಿನ್ನ ಮೇಲೆ ವಿಚಾರಣೆ ನಡೆಯುತ್ತದೆ. ಸಹಿ ಹಾಕಿದೆ. ನಿನ್ನ ಪಿಂಚಣಿಗಾಗಿ ಎಂದರೆ ಅದು ಅರ್ಧ ನಿಜ. ಉಳಿದ ಅರ್ಧವನ್ನು ನೀನು ಬಲ್ಲೆ.

ವರದಿ ಒಪ್ಪಿಸಿದ ಸಭೆ ಮುಗಿಯುವವರೆಗೆ ಸಭಾಂಗಣ ತಣ್ಣಗಿತ್ತು. ಇಲ್ಲಿ ಕರೆಂಟು ಹೋಗುವುದಿಲ್ಲ. ಹೋದರೂ ಗೊತ್ತಾಗುವುದಿಲ್ಲ, ಆ ದೊಡ್ಡ ಜನರೇಟರು ತಾನಾಗಿ ಶುರುವಾಗುತ್ತದೆ.

ಉಳಿದ ಎರಡು ಮನೆಯ ಬೀಜ ಏನಾಯಿತು?

ಕೃಷ್ಣಾನಂದ


2 ಆಗಸ್ಟ್ 2025
ಹೊಳನಗದ್ದೆ

ಸಾಹೇಬರಿಗೆ ಮಾಬ್ಲನ ನಮಸ್ಕಾರ.

ಆ ಎರಡೂ ಏಳಲಿಲ್ಲ.

ಬೇರೆ ಊರಿನಿಂದ ಕಗ್ಗ ತರಿಸಬಹುದೇ ಎಂದು ಮೇಡಮ್ ಫೋನಿನಲ್ಲಿ ಎಲ್ಲ ಕಡೆ ಕೇಳಿದರು. ಇದ್ದವರು ತಮ್ಮ ಗದ್ದೆಗೆ ಬಿತ್ತಿ ಮುಗಿಸಿದ್ದರು. ಇಲ್ಲದವರ ಗಜನಿಯಲ್ಲಿ ಸೀಗಡಿ.

ಅಕ್ಕ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ತುಟಿ ಓದಬಹುದಿತ್ತು. ಜುಲೈ ಆರನೇ ತಾರೀಖು ಹನ್ನೊಂದು ಮನೆಯ ಹೆಂಗಸರೂ ಬುಟ್ಟಿ ಹೊತ್ತು ಗಜನಿಗೆ ಇಳಿದರು. ನಾನು ಒಡ್ಡಿನ ಮೇಲೆ ನಿಂತಿದ್ದೆ. ಎಂತ ಮಾಡ್ತೀರಿ ಅಂದೆ. "ಬಿಚ್ಚಿದ ಮುಡಿ ಮತ್ತೆಲ್ಲಿಗೆ ಹೋಗ್ಬೇಕಾ? ಗದ್ದೆಗೇ ಅಲ್ದಾ" ಅಂದಳು ಅಕ್ಕ. ಏಳದ ಬೀಜವನ್ನು ಬಿತ್ತಿದರು. ಒಂದು ಹಿಡಿಯೂ ಉಳಿಸದೆ, ಸಾಲು ತಪ್ಪದೆ. ಎಲ್ಲರ ಬಾಯಿಯೂ ಆಡುತ್ತಿತ್ತು. ಹಾಡುತ್ತಿದ್ದರು. ಬಿತ್ತುವಾಗ ಹಾಡುವುದೇ ಕ್ರಮ. ಯಾವ ಹಾಡು ಎಂದು ದೂರದಿಂದ ನನಗೆ ಓದಲಾಗಲಿಲ್ಲ. ಬಿತ್ತನೆಯ ಹಾಡೋ ಬೇರೆಯದೋ.

ಈಗ ಅಲ್ಲಿ ಬರಿಯ ನೀರು ಇದೆ. ಕಂಟ್ರಾಕ್ಟಿನವರು ಬಂದು ಅಳತೆ ಮಾಡಿಕೊಂಡು ಹೋದರು.

ನೀವು 2009ರ ವಿಷಯ ಬರೆದದ್ದನ್ನು ಓದಿದೆ. ಆ ಕಡತ ನಿಮ್ಮ ಮೇಜಿನ ಮೇಲೆ ಇತ್ತೆಂದು ಆಗಲೇ ನನಗೆ ಗೊತ್ತಿತ್ತು. ಅದನ್ನು ಪವರ್‌ಹೌಸಿನಿಂದ ನಿಮ್ಮ ಕೋಣೆಗೆ ತಂದು ಇಟ್ಟವನು ನಾನು.

ಮೊನ್ನೆ ಮೂವತ್ತೊಂದಕ್ಕೆ ನಿವೃತ್ತನಾದೆ. ಕೀಲಿ ಒಪ್ಪಿಸುವ ಮೊದಲು ಬಾಗಿಲ ಮೇಲೆ ಒಮ್ಮೆ ಕೈ ಇಟ್ಟೆ. ಚೆನ್ನಾಗಿ ನಡುಗುತ್ತಿತ್ತು. ಒಳಗೆ ಏನೂ ಇಲ್ಲ.

ಲಾಗ್‌ಬುಕ್ಕನ್ನು ಈ ಕಾಗದದ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಹಳೆಯ ಅಂಕಿಗಳನ್ನು ತಿದ್ದಿಲ್ಲ. ಕೊನೆಯ ಸಾಲು ನೋಡಿ.

ಜುಲೈ 2025: ಸೊನ್ನೆ ಲೀಟರ್. ಇದು ನಿಜ.

ಮಾಬ್ಲ